ಲಾಭ, ಎರಡು, ಮೂರು

ನಮ್ಮಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೂಕ ಮಾಡುತ್ತಿದ್ದ. ದಲಾಲಿ ಅಂಗಡಿಯ ಮುಂದೆ ಮೂರು ಬಿದಿರ ಗಳ ಕಟ್ಟಿ ನೇತುಹಾಕಿದ ದೊಡ್ಡ ತಕ್ಕಡಿ, ಅದರ ಪಕ್ಕದಲ್ಲಿ ಮೂಗಿಗೆ ವಸ್ತ್ರ ಸುತ್ತಿಕೊಂಡು ನಿಂತ ಅಪ್ಪ. ತೂಗಿದ ಕಾಯಿಯೆಲ್ಲ ಒಂದೇ ರಾಶಿಗೆ ಬೀಳುತ್ತಿದ್ದುದರಿಂದ ಎಷ್ಟು ಸಲ ತಕ್ಕಡಿ ತುಂಬಿ ಇಳಿಯಿತು ಎಂದು ಆಮೇಲೆ ಎಣಿಸಿ ನೋಡುವ ದಾರಿಯೇ ಇರಲಿಲ್ಲ. ಅವನ ಬಾಯಿಂದ ಬಂದದ್ದೇ ಎಣಿಕೆ. ಪೇಟೆಯ ಗದ್ದಲದಲ್ಲಿ ಮರೆಯಬಾರದೆಂದು ಮುಂದಿನ ತೂಕ ಏರುವವರೆಗೂ ಅದೇ ಅಂಕಿಯನ್ನು ಹಾಡಿನಂತೆ ಅನ್ನುತ್ತಲೇ ಇರುತ್ತಿದ್ದ. ಮೊದಲನೆಯದಕ್ಕೆ ಮಾತ್ರ ‘ಒಂದು’ ಎನ್ನುವಂತಿರಲಿಲ್ಲ, ‘ಲಾಭ’ ಎನ್ನಬೇಕು. ಲಾಭ ಲಾಭ ಲಾಭ, ಎರಡು ಎರಡು ಎರಡು, ಮೂರು ಮೂರು ಮೂರು. ಯಾಕೆ ಎಂದು ಕೇಳಿದವರನ್ನು ಪೇಟೆಯ ಮಂದಿ ಕೆಕ್ಕರಿಸಿ ನೋಡುತ್ತಿದ್ದರು. ಒಳ್ಳೆಯ ಮಾತಿನಿಂದ ಶುರುವಾಗಬೇಕು, ಅಷ್ಟೆ. ಮನೆಯಲ್ಲಿ ಅವ್ವ ಜೋಳ ಅಳೆಯುತ್ತಿದ್ದದ್ದೂ ಹಾಗೆಯೇ, ನಾನು ಎಣಿಸಲು ಕಲಿತದ್ದೂ ಹಾಗೆಯೇ.

ಅವು ಲಡಾಯಿಯ ದಿನಗಳು. ನಾನು ಹಾವೇರಿಯಲ್ಲಿ ನೆಂಟರ ಮನೆಯಲ್ಲಿದ್ದು ಮ್ಯಾಟ್ರಿಕ್ ಓದುತ್ತಿದ್ದೆ. ಶನಿವಾರ ರೈಲು ಹತ್ತಿ ಊರಿಗೆ ಬಂದರೆ ಸೋಮವಾರ ಬೆಳಗಿನ ಗಾಡಿಗೆ ವಾಪಸು. ಶಾಲೆಯ ಪರೀಕ್ಷೆಯಲ್ಲಿ ಪಾಸಾದವರ ಫಾರ್ಮನ್ನಷ್ಟೇ ಮ್ಯಾಟ್ರಿಕ್ ಪರೀಕ್ಷೆಗೆ ಕಳಿಸುತ್ತಿದ್ದರು. ಉಳಿದ ವಿಷಯಗಳನ್ನು ನಾನು ಹೇಗೋ ದಾಟಿಕೊಂಡಿದ್ದೆ. ಉಳಿದದ್ದು ಪದಾರ್ಥವಿಜ್ಞಾನದ ಪ್ರಯೋಗ ಪರೀಕ್ಷೆ. ಆ ಮಾಸ್ತರರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: “ಪ್ರಯೋಗ ಮಾಡಾಕ ಬರದಾವನ ಫಾರ್ಮಿಗೆ ನಾ ಸಹಿ ಮಾಡಂಗಿಲ್ಲ.”

ಫಾರ್ಮ್ ಹೋಗದಿದ್ದರೆ ನನಗೆ ತಕ್ಕಡಿಯೇ ಗತಿ. ದಲಾಲಿ ಅಂಗಡಿಯ ಸಾಹುಕಾರರು ಆಗಲೇ ನನ್ನ ಭುಜ ಮುಟ್ಟಿ ನೋಡಿ, ಹುಡುಗ ಗಟ್ಟಿ ಇದ್ದಾನೆ ಅಂದಿದ್ದರು. ಅಪ್ಪನಿಗೆ ಅದು ಸುತರಾಂ ಬೇಡವಾಗಿತ್ತು. ಇಪ್ಪತ್ತು ವರ್ಷ ಕಾಯಿಯ ಘಾಟು ಕುಡಿದು ಅವನ ಎದೆ ಕೆಟ್ಟುಹೋಗಿತ್ತು. ಸುಗ್ಗಿ ಬಂತೆಂದರೆ ಕೆಮ್ಮು ಅವನನ್ನು ಎರಡಾಗಿ ಮಡಿಸುತ್ತಿತ್ತು. “ನೀ ಈ ಧೂಳಾಗ ನಿಂದರಬ್ಯಾಡೋ ಯಪ್ಪಾ,” ಎಂದು ಕೆಮ್ಮಿನ ನಡುವೆಯೇ ಹೇಳುತ್ತಿದ್ದ.

ನಮಗಿದ್ದ ಪ್ರಯೋಗ ಲೋಲಕದ್ದು. ದಾರಕ್ಕೆ ಗುಂಡು ಕಟ್ಟಿ ತೂಗಬಿಟ್ಟು, ಅದು ಇಪ್ಪತ್ತು ಸಲ ಹೋಗಿ ಬರಲು ಎಷ್ಟು ಸೆಕೆಂಡು ಬೇಕು ಎಂದು ನೋಡಿ, ಅದರಿಂದ ಭೂಮಿಯ ಎಳೆತವನ್ನು ಲೆಕ್ಕ ಹಾಕುವುದು. ಉತ್ತರ ಒಂಬೈನೂರ ಎಂಬತ್ತೊಂದರ ಆಸುಪಾಸು ಬರಬೇಕು. ಶಾಲೆಯಲ್ಲಿ ಇದ್ದದ್ದು ಒಂದೇ ಸ್ಟಾಪ್‌ವಾಚು, ಅದೂ ಬೀಗ ಹಾಕಿದ ಕಪಾಟಿನಲ್ಲಿ. ಮಾಸ್ತರರು ಒಂದು ಸಲ ಮಾಡಿ ತೋರಿಸಿದ್ದರು. ಹಿಂದಿನ ಸಾಲಿನಲ್ಲಿದ್ದ ನನಗೆ ಕಂಡದ್ದು ಮುಂದಿನವರ ಟೊಪ್ಪಿಗೆಗಳು.

ಆದ್ದರಿಂದ ತಯಾರಿ ಮನೆಯಲ್ಲೇ ನಡೆಯಬೇಕಾಯಿತು. ಪಡಸಾಲೆಯ ತೊಲೆಗೆ ದಾರ ಕಟ್ಟಿದೆ. ಪಕ್ಕದ ಮನೆಯ ಗೌಂಡಿ, ಗೋಡೆ ನೆಟ್ಟಗಿದೆಯೋ ಎಂದು ನೋಡುವ ತನ್ನ ಗುಂಡನ್ನು ಕೊಟ್ಟ. ಅಪ್ಪ ಸಾಹುಕಾರರಿಗೆ ದುಂಬಾಲು ಬಿದ್ದು ಅವರ ಕಿಸೆಗಡಿಯಾರವನ್ನು ಶನಿವಾರ ಭಾನುವಾರಗಳ ಮಟ್ಟಿಗೆ ತರುತ್ತಿದ್ದ. ಅದರ ಸೆಕೆಂಡಿನ ಮುಳ್ಳನ್ನು ನಿಲ್ಲಿಸಲು ಬರುತ್ತಿರಲಿಲ್ಲ, ಕಣ್ಣು ಅದರ ಮೇಲೆಯೇ ಇರಬೇಕು. ಹಾಗಾಗಿ ಎಣಿಸಲು ಇನ್ನೊಬ್ಬರು ಬೇಕಿತ್ತು.

“ಎಣಿಸೋದು ನನಗ ಬಿಡು,” ಎಂದ ಅಪ್ಪ. “ನಿಮ್ಮ ಇಡೀ ಸಾಲ್ಯಾಗ ನನ್ನಂಗ ಎಣಿಸಾಂವ ಒಬ್ಬನ್ನ ತೋರ್ಸು ನೋಡೂಣು.”

ನಾನು ಗುಂಡನ್ನು ಬಿಟ್ಟ ಕ್ಷಣಕ್ಕೇ ಅಪ್ಪ “ಲಾಭ” ಎಂದು ಹಿಡಿಯುತ್ತಿದ್ದ. ಅದು ಹೋಗಿ ತಿರುಗಿ ಬಂದರೆ “ಎರಡು”. “ಇಪ್ಪತ್ತು” ಎಂದ ಕೂಡಲೇ ನಾನು ಮುಳ್ಳು ನೋಡಿ ಬರೆದುಕೊಳ್ಳುತ್ತಿದ್ದೆ. ಅವ್ವ ಒಲೆಯ ಮುಂದಿನಿಂದಲೇ ಗೊಣಗುತ್ತಿದ್ದಳು: “ಖಾಲಿ ತೊಟ್ಲಾ ತೂಗಿದಂಗ ತೂಗಾಕತ್ತೀರಲ್ಲ ಅಪ್ಪ ಮಗ! ಮನ್ಯಾಗ ಹಿಂಗ ಮಾಡಬಾರ್ದು.”

ಉತ್ತರ ಬಂದದ್ದು ಒಂದು ಸಾವಿರದ ತೊಂಬತ್ತಮೂರು. ಮತ್ತೊಮ್ಮೆ ಮಾಡಿದೆವು, ಅದೇ ತೊಂಬತ್ತಮೂರು. ದಾರ ಹಿಗ್ಗುತ್ತಿರಬೇಕು ಎಂದೆ. ಮುಂದಿನ ವಾರದ ಹೊತ್ತಿಗೆ ಅಪ್ಪ, ರಾಣೆಬೆನ್ನೂರಿಗೆ ಹೋದವರ ಕೈಯಲ್ಲಿ ಅಲ್ಲಿಯ ನೇಕಾರರಿಂದ ಗಟ್ಟಿ ಹುರಿಯ ನೂಲು ತರಿಸಿದ್ದ. ಉತ್ತರ ಕದಲಲಿಲ್ಲ. ಗಡಿಯಾರ ಕೆಟ್ಟಿರಬೇಕು ಎಂದೆ. ಅಪ್ಪ ಅದನ್ನು ಸ್ಟೇಶನ್ನಿಗೆ ಒಯ್ದು ಅಲ್ಲಿಯ ದೊಡ್ಡ ಗಡಿಯಾರದ ಕೆಳಗೆ ತಾಸುಗಟ್ಟಲೆ ನಿಂತು ತಾಳೆ ನೋಡಿ ಬಂದ. ಗಡಿಯಾರ ಬರೋಬ್ಬರಿ ಇತ್ತು. ನಾನು ಎಲ್ಲವನ್ನೂ ಅನುಮಾನಿಸಿದೆ, ಎಣಿಕೆಯೊಂದನ್ನು ಬಿಟ್ಟು. ಅಪ್ಪನ ಎಣಿಕೆ ತಪ್ಪುವುದುಂಟೆ?

ಸೋಮವಾರ ನನ್ನ ವಹಿಯನ್ನು ಮಾಸ್ತರರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು.

“ಎಲ್ಲಾ ಒಂದ ನಮೂನಿ ತಪ್ಪ್ಯಾವ. ಯಾರೋ ಭಾಳ ಶಿಸ್ತಿನಿಂದ ತಪ್ಪ ಮಾಡಾಕತ್ತಾರ. ಎಣಿಸೋದು ಯಾರು?”

“ನಮ್ಮಪ್ಪ ರೀ.”

“ಹೆಂಗ ಎಣಿಸ್ತಾರ, ತೋರ್ಸು.”

ನಾನು ಪೇಟೆಯ ರಾಗದಲ್ಲೇ ಶುರು ಮಾಡಿದೆ: “ಲಾಭ, ಎರಡು, ಮೂರು...” ವರ್ಗವೆಲ್ಲ ಹೋ ಎಂದು ನಕ್ಕಿತು. ಮಾಸ್ತರರು ಅವರನ್ನು ಸುಮ್ಮನಾಗಿಸಿದರು. “ಗುಂಡ ಬಿಟ್ಟಾಗ ಇನ್ನೂ ಒಂದೂ ಆಗಿರಂಗಿಲ್ಲೋ. ಅಲ್ಲೆ ಸೊನ್ನಿ ಅನ್ನಬೇಕು. ನೀವು ಇಪ್ಪತ್ತು ಅನ್ನೂದ್ರಾಗ ಆಗಿದ್ದು ಹತ್ತೊಂಬತ್ತು. ಬರೂ ಸೋಮವಾರ ಪರೀಕ್ಷಾ ಐತಿ. ಅಷ್ಟರಾಗ ಬಾಯಿ ತಿದ್ದಿಕೋ.”

ಸಂಜೆಯ ಹೊತ್ತಿಗೆ ಇಡೀ ಶಾಲೆ ನನ್ನನ್ನು ‘ಲಾಭ’ ಎಂದು ಕರೆಯುತ್ತಿತ್ತು. ಒಬ್ಬ ಹಡಬೆಯಂತೂ ನನ್ನನ್ನು ಕಂಡಾಗಲೆಲ್ಲ ಘಾಟು ಹತ್ತಿದವನಂತೆ ಸೀನುತ್ತಿದ್ದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಆಗಲೂ ಈಗಲೂ. ವಾರವೆಲ್ಲ ಕುದಿದೆ. ನಗುತ್ತಿದ್ದವರ ಮೇಲೆ ಏನೂ ಮಾಡಲಾಗದೆ ಆ ಸಿಟ್ಟನ್ನೆಲ್ಲ ಕಟ್ಟಿಕೊಂಡು ಶನಿವಾರ ಊರಿಗೆ ಬಂದೆ.

ಅಪ್ಪ ಗಡಿಯಾರ ಒರೆಸಿಟ್ಟುಕೊಂಡು ಪಡಸಾಲೆಯಲ್ಲಿ ಕಾಯುತ್ತಿದ್ದ. “ಬಾ, ಲಗೂನ ಉಂಡು ಶುರು ಮಾಡೂಣು.”

“ಸೊನ್ನಿಯಿಂದ ಎಣಿಸಬೇಕಂತ,” ಎಂದೆ.

“ಸೊನ್ನಿ ಅಂತ ಎಣಿಕಿ ಹಿಡೀತಾರೇನು? ಬಿಡ್ತು ಅನ್ನು. ಇಪ್ಪತ್ತ ವರ್ಷದಾಗ ನನ್ನ ಬಾಯಾಗ ಆ ಮಾತು ಬಂದಿಲ್ಲ, ಇವತ್ತೂ ಬರಂಗಿಲ್ಲ.”

“ಹಂಗಾರ ಇಪ್ಪತ್ತ ವರ್ಷನೂ ನೀ ತಪ್ಪ ಎಣಿಸೀದಿ. ಪ್ಯಾಟಿ ಮಂದಿಗೆ ಗೊತ್ತಾಗಿಲ್ಲ, ಅಷ್ಟ.”

ಈಗ ಬರೆಯುವಾಗಲೂ ಕೈ ತಡೆಯುತ್ತದೆ. ಮೋಟೆಬೆನ್ನೂರಿನ ರೈತರು ಬೇರೆ ಅಂಗಡಿಗಳನ್ನು ದಾಟಿಕೊಂಡು ನಮ್ಮಪ್ಪನ ತಕ್ಕಡಿಗೇ ಬರುತ್ತಿದ್ದರು, ಅವನ ಬಾಯಿಯ ಮೇಲಿನ ನಂಬಿಕೆಯಿಂದ. ಅವನಿಗಿದ್ದ ಮರ್ಯಾದೆ ಅದೊಂದೇ. ಅದನ್ನೇ ಹಿಡಿದು ಹರಿದೆ. ಅದೂ ಸುಳ್ಳು ಹೇಳಿ! ಏಕೆಂದರೆ ತಕ್ಕಡಿಯಲ್ಲಿ ಅವನ ಎಣಿಕೆ ಸರಿಯೇ ಇತ್ತು. ಅಪ್ಪ ಗಡಿಯಾರವನ್ನು ಗೋಡೆಯ ಗೂಡಿನಲ್ಲಿಟ್ಟು ಹೊರಗೆ ಹೋದ.

“ಅಪ್ಪಗ ಎಂಥಾ ಮಾತ ಅಂದಿ? ನಾಲಿಗಿ ಹೆಂಗರ ಹೊಳ್ಳಿತೋ ನಿನಗ?” ಎಂದು ಅವ್ವ ಅತ್ತಳು. ನಾನು ಬಿಗಿದುಕೊಂಡೇ ಕುಳಿತೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಿತ್ತಲಿನಿಂದ ಒಳಗೆ ಬಂದೆ. ಅಪ್ಪ ಒಬ್ಬನೇ ಪಡಸಾಲೆಯಲ್ಲಿ ಕೂತು ಗುಂಡನ್ನು ಎಳೆದು ಬಿಡುತ್ತಿದ್ದ, ನೋಡುತ್ತಿದ್ದ, ಹಿಡಿದು ನಿಲ್ಲಿಸುತ್ತಿದ್ದ, ಮತ್ತೆ ಬಿಡುತ್ತಿದ್ದ. ಎಷ್ಟು ಹೊತ್ತಿನಿಂದ ಹಾಗೆ ಮಾಡುತ್ತಿದ್ದನೋ. ನನ್ನನ್ನು ನೋಡದೆಯೇ ಕರೆದ.

“ಇಲ್ಲೆ ಬಾ. ತಕ್ಕಡಿ ಮುಂದ ನಾ ಲಾಭ ಅಂದಾಗ ಕಾಯಿ ತೂಗಿ ಆಗಿರತೈತಿ. ಇಲ್ಲೆ ಇನ್ನೂ ಏನೂ ಬಂದಿಲ್ಲ, ಬರೇ ಬಿಟ್ಟೇವಿ. ನಿಮ್ಮ ಮಾಸ್ತರು ಹೇಳಿದ್ದು ಖರೇ ಐತಿ.” ಗುಂಡನ್ನು ಹಿಡಿದು ನಿಲ್ಲಿಸಿದ. “ಆದ್ರ ಸೊನ್ನಿ ಬ್ಯಾಡ. ಲಾಭ ಅಂತ ಬಿಡು. ತಿರುಗಿ ಬಂದಾಗ...” ದಾರದ ಗಂಟನ್ನು ಬಿಗಿಮಾಡಿದ. “ತಿರುಗಿ ಬಂದಾಗ ಒಂದು ಅನ್ನು.”

ನಾನು ಹುಟ್ಟಿದಂದಿನಿಂದ ಅಪ್ಪನ ಎಣಿಕೆಯಲ್ಲಿ ಆ ಮಾತು ಕೇಳಿರಲಿಲ್ಲ. ಗಡಿಯಾರ ಹಿಡಿದು ಕೂತೆ. “ಲಾಭ,” ಎಂದ. ಗುಂಡು ತಿರುಗಿ ಬಂತು. “ಒಂದು,” ಎಂದ, ಬಿಸಿ ಅನ್ನ ಬಾಯಿಗಿಟ್ಟುಕೊಂಡವನಂತೆ. ಇಪ್ಪತ್ತಕ್ಕೆ ಸರಿಯಾಗಿ ನಲವತ್ತು ಸೆಕೆಂಡು. ಉತ್ತರ ಒಂಬೈನೂರ ಎಂಬತ್ತೇಳು ಬಂತು. ಅವನ ಕಾಲು ಹಿಡಿಯಬೇಕು ಅನ್ನಿಸಿತು. ನಾನು ಹಿಡಿಯಲಿಲ್ಲ, ತಪ್ಪಾಯಿತು ಎನ್ನಲೂ ಇಲ್ಲ.

ಪರೀಕ್ಷೆಯ ದಿನ ಸ್ಟಾಪ್‌ವಾಚು ಅಂಗೈ ಬೆವರಿಗೆ ಜಾರುತ್ತಿತ್ತು. ಗುಂಡು ಬಿಟ್ಟು ಬಟನ್ ಒತ್ತಿ, ಎಲ್ಲರಿಗೂ ಕೇಳುವಂತೆ “ಲಾಭ” ಎಂದೆ. ಹಿಂದೆ ಯಾರೋ ಕಿಸಕ್ಕೆಂದರು. ಅದು ತಿರುಗಿ ಬಂದಾಗ “ಒಂದು” ಎಂದೆ. ಆಮೇಲೆ ನನಗೆ ಯಾರ ನಗುವೂ ಕೇಳಿಸಲಿಲ್ಲ. ಉತ್ತರ ಒಂಬೈನೂರ ಎಪ್ಪತ್ತೇಳು. ಮಾಸ್ತರರು ವಹಿ ನೋಡಿ, ನನ್ನ ಮುಖ ನೋಡಿ, “ಹಿಂಗ ಎಣಿಸಾಕ ಯಾರು ಹೇಳಿಕೊಟ್ರು?” ಎಂದರು.

“ನಮ್ಮಪ್ಪ ರೀ.”

“ಶಾಣ್ಯಾ ಅದಾರ,” ಎಂದು ಫಾರ್ಮಿಗೆ ಸಹಿ ಹಾಕಿದರು.

ಶನಿವಾರದವರೆಗೆ ಯಾರು ಕಾಯುತ್ತಾರೆ? ಮಧ್ಯಾಹ್ನದ ಗಾಡಿ ಹತ್ತಿ ಬ್ಯಾಡಗಿಗೆ ಬಂದು ಸ್ಟೇಶನ್ನಿನಿಂದ ಪೇಟೆಗೇ ಓಡಿದೆ. ಸುಗ್ಗಿ ಏರಿತ್ತು, ಎಲ್ಲಿ ನೋಡಿದರೂ ಕೆಂಪು ರಾಶಿ. ಅಪ್ಪ “ಮೂವತ್ತಾರು ಮೂವತ್ತಾರು ಮೂವತ್ತಾರು” ಎನ್ನುತ್ತಲೇ ನನ್ನನ್ನು ಕಂಡು ಹುಬ್ಬು ಹಾರಿಸಿದ.

“ಯಪ್ಪಾ, ಸಹಿ ಆತು! ಫಾರ್ಮ್ ಹೋಗತೈತಿ!”

ಹಾಡು ನಿಂತಿತು. “ಉತ್ತರ ಎಷ್ಟ ಬಂತು?”

“ಒಂಬೈನೂರಾ ಎಪ್ಪತ್ತೇಳು.”

“ಬರಬೇಕಾಗಿದ್ದು?”

“ಎಂಬತ್ತೊಂದು.”

“ಉಳದ ನಾಕು ಎಲ್ಲಿ ಚೆಲ್ಲಿ ಬಂದ್ಯೋ ಮಗನ!” ಎಂದು ಮೂಗಿನ ವಸ್ತ್ರ ಕಿತ್ತು ನಕ್ಕ. ಕಣ್ಣಲ್ಲಿ ನೀರು. ಘಾಟಿನದು ಎಂದು ನಾನು ಅಂದುಕೊಳ್ಳಲಿಲ್ಲ.

ಕಾಯಿ ತುಂಬಿ ನಿಂತಿದ್ದ ಹಮಾಲ ಕೇಳಿದ: “ಅಣ್ಣಾ, ಎಷ್ಟಾತು?”

ಅಪ್ಪ ತಕ್ಕಡಿಯನ್ನು ನೋಡಿದ, ರಾಶಿಯನ್ನು ನೋಡಿದ. ಅಂಕಿ ಅವನ ಬಾಯಲ್ಲಿರಲಿಲ್ಲ. “ಮೂವತ್ತಾರು ಯಪ್ಪಾ, ನಾ ಕೇಳೇನಿ,” ಎಂದು ಪಿಸುಗುಟ್ಟಿದೆ.

“ನೀ ಹೇಳಿದ್ದು ಖರೇನ ಇರತೈತಿ. ಆದ್ರ ಎಣಿಸಾಂವ ನಾನು.” ಪೇಟೆಗೆಲ್ಲ ಕೇಳುವಂತೆ ಕೂಗಿದ: “ನನ್ನ ಎಣಿಕಿ ತಪ್ಪೇತ್ರೆಪಾ! ಮೊದಲಿಂದ ತೂಗೂಣು!”

ನಾನು ಮನೆಯಲ್ಲಿ ಬೈಗುಳವಾಗಿ ಎಸೆದಿದ್ದ ಮಾತನ್ನು ಅವನು ಹಾಗೆ ನಗುನಗುತ್ತಾ ಕೂಗಿದ. ನನಗೆ ನಾಚಿಕೆಯಾಗಿ ಅಳು ಬಂತು. “ತಪ್ಪಾತು ಯಪ್ಪಾ,” ಎಂದೆ. ಹಮಾಲರ ಗೊಣಗಾಟದಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ. ರಾಶಿಗೆ ಕೈ ಹಾಕಿ ನಾನೂ ತುಂಬಲು ನಿಂತೆ. ಮೊದಲ ತೂಕ ಏರಿತು. ಅಪ್ಪ ಬಾಯಿ ತೆರೆಯುವ ಮುಂಚೆ ನನ್ನ ಕಡೆ ನೋಡಿ ಕಾದ. ಇಬ್ಬರೂ ಒಟ್ಟಿಗೆ “ಲಾಭ” ಎಂದೆವು.