ಮೂರನೆಯ ಏಟು

ನಾನು ಒಬ್ಬ ಮನುಷ್ಯನನ್ನು ಸ್ಟೀಲಿನ ನೀರಿನ ಬಾಟಲಿಯಿಂದ ಹೊಡೆದಿದ್ದೇನೆ. ಬಾಟಲಿ ತುಂಬಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಗಂಡ ಊಟಕ್ಕೆ ಬಂದವರ ಮುಂದೆಲ್ಲ ಈ ಸಂಗತಿಯನ್ನು ತೆಗೆದು, ನನ್ನನ್ನು ದುರ್ಗಿಯ ಅವತಾರ ಮಾಡಿ ಕೂರಿಸುತ್ತಾನೆ. ಆ ಬೆಳಿಗ್ಗೆ ಅವನು ಸ್ಯಾನ್ ಫ್ರಾನ್ಸಿಸ್ಕೋದಿಂದ ಒಂದು ಗಂಟೆ ದಾರಿಯ ಮಿಲ್ಪಿಟಾಸಿನ ನಮ್ಮ ಮನೆಯಲ್ಲಿ ಮುಸುಕು ಹಾಕಿಕೊಂಡು ಮಲಗಿದ್ದ. ಎಷ್ಟು ಏಟು, ಯಾವ ಏಟು ಯಾಕೆ ಎಂಬುದು ಕಣ್ಣಾರೆ ಕಂಡು ಗೊತ್ತಿರುವುದು ನನಗೆ, ನಮ್ಮಪ್ಪನಿಗೆ, ಮತ್ತೆ ತಿಂದವನಿಗೆ.

ಅಪ್ಪ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದ. ಮಂಡ್ಯದ ಹತ್ತಿರದ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಹೇಳುತ್ತಿದ್ದು, ಹೆಡ್‌ಮಾಸ್ಟರಾಗಿ ರಿಟೈರ್ ಆದವನು. ಇಲ್ಲಿ ಅವನಿಗೆ ಶಾಪಿಂಗ್ ಮಾಲು ಬೇಡ, ಗೋಲ್ಡನ್ ಗೇಟ್ ಸೇತುವೆ ಬೇಡ. ಒಂದು ದಿನ ಇಡ್ಲಿ ತಿನ್ನುತ್ತಾ ಹೇಳಿದ: "ಮೂವತ್ತು ವರ್ಷ ಎರಡನೇ ಮಹಾಯುದ್ಧದ ಪಾಠ ಮಾಡಿವ್ನಿ ಕಣವ್ವ. ಯಹೂದಿಗಳು ಅಂತ ಬೋರ್ಡ್ ಮೇಲೆ ಬರ್ದು ಅಡಿಗೆರೆ ಎಳ್ದಿವ್ನಿ. ಒಬ್ರುನ್ನೂ ಕಣ್ಣಾರೆ ನೋಡ್ನಿಲ್ವಲ್ಲ."

"ನನ್ ಟೀಮಲ್ಲೇ ಇಬ್ರು ಇದಾರಪ್ಪ. ಮೀಟಿಂಗಲ್ಲಿ ನಮ್ ಥರಾನೇ ಆಕಳಿಸ್ತಾರೆ," ಅಂದೆ.

ಅವನಿಗೆ ಸಮಾಧಾನವಾಗಲಿಲ್ಲ. ಮೇಷ್ಟ್ರಿಗೆ ಪಾಠದೊಳಗಿನ ಜನ ಬೇಕಿತ್ತು. ಹುಡುಕಿದರೆ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರಿನಲ್ಲಿ ಭಾನುವಾರ ಬೆಳಿಗ್ಗೆ ಒಂದು ನಡಿಗೆ ಇದೆ, ಹಳೆಯ ಯಹೂದಿ ಬಡಾವಣೆಯನ್ನು ಒಬ್ಬರು ಗೈಡು ಸುತ್ತಾಡಿಸಿ ತೋರಿಸುತ್ತಾರೆ ಎಂದು ಗೊತ್ತಾಯಿತು. ಇಬ್ಬರಿಗೂ ಹೆಸರು ಬರೆಸಿದೆ.

ಫ್ರೀವೇ ಮೇಲೆ ನಾನು ಕಾರು ಓಡಿಸುವುದನ್ನು ನೋಡಿದವರು ನನ್ನ ಜೊತೆ ಎರಡನೇ ಸಲ ಬರುವುದಿಲ್ಲ. ಸಿಗ್ನಲ್ ಹಾಕದೆ ಅಡ್ಡ ಬಂದವನನ್ನು ನಾಲ್ಕು ಮೈಲಿ ಅಟ್ಟಿಸಿಕೊಂಡು ಹೋಗಿ, ಪಕ್ಕದಲ್ಲಿ ಬಂದು, ಗಾಜು ಇಳಿಸಿ ಕನ್ನಡದಲ್ಲಿ ಬೈಯುವವಳು ನಾನು. ಅವತ್ತೂ ಒಬ್ಬನಿಗೆ ಬೈದೆ. ಅಪ್ಪ ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ನೀನ್ಯಾಕೆ ಹಿಂಗೆ ಎಂದು ಮಾತ್ರ ಅವನು ಯಾವತ್ತೂ ಕೇಳಿದವನಲ್ಲ.

ನಮ್ಮ ಗೈಡು ಎಂಬತ್ತರ ಆಸುಪಾಸಿನ ಹೆಂಗಸು. ಮೂಳೆ ಚರ್ಮ ಬಿಟ್ಟರೆ ಇನ್ನೇನಿಲ್ಲ, ಆದರೆ ದನಿ ಮಾತ್ರ ಬೀದಿಯ ಆಚೆ ತುದಿಗೂ ಕೇಳುವಂಥದ್ದು. ಕೊರಳಲ್ಲಿ ಯಹೂದಿ ಬಡಾವಣೆಯ ನಡಿಗೆ ಎಂದು ದಪ್ಪಕ್ಷರದಲ್ಲಿ ಬರೆದ ಬೋರ್ಡು, ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗಿಟ್ಟ ಹಳೆಯ ಫೋಟೋಗಳು. ನಡಿಗೆಗೆ ಬಂದವರು ನಾವಿಬ್ಬರು, ಮತ್ತೆ ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಬಂದಿದ್ದ ಗಂಡ ಹೆಂಡತಿ, ಅಷ್ಟೇ.

ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ ಎಂಬುದೇ ಆ ನಡಿಗೆಯ ವಿಶೇಷ. ಆಕೆ ಒಂದು ಪಾರ್ಕಿಂಗ್ ಕಟ್ಟಡದ ಮುಂದೆ ನಿಂತು ಫೋಟೋ ಎತ್ತಿ ಹಿಡಿದು, "ಇಲ್ಲಿ ನನ್ನ ಅಜ್ಜನ ಮಾಂಸದಂಗಡಿ ಇತ್ತು," ಎನ್ನುತ್ತಿದ್ದರು. ಧರ್ಮದ ಪ್ರಕಾರ ಕುತ್ತಿಗೆಗೆ ನಡುವೆ ತಡೆಯದೆ ಚಾಕು ಎಳೆಯಬೇಕು, ನಿಲ್ಲಿಸಿ ಎರಡನೇ ಸಲ ಎಳೆದರೆ ಆ ಮಾಂಸ ತಿನ್ನುವಂತಿಲ್ಲ, ಆದ್ದರಿಂದ ಪ್ರಾಣಿ ಕೊಯ್ಯುವವರು ಚಾಕುವಿನ ಅಂಚನ್ನು ಉಗುರಿನ ಮೇಲೆ ಆಡಿಸಿ ಪರೀಕ್ಷೆ ಮಾಡುತ್ತಿದ್ದರು ಎಂದು ಹೇಳಿ, ತಮ್ಮ ಕುತ್ತಿಗೆಯ ಮೇಲೇ ಬೆರಳು ಎಳೆದು ತೋರಿಸಿದರು. ಅಪ್ಪ ನನ್ನ ಕಡೆ ಬಾಗಿ, "ಚಾಕು ಎಷ್ಟುದ್ದ ಇತ್ತು ಕೇಳು," ಅಂದ. ಕೇಳಿದೆ. ಆಕೆ ಮೊಣಕೈವರೆಗೆ ತೋರಿಸಿದರು. ಅಪ್ಪನಿಗೆ ಬಹಳ ಖುಷಿಯಾಯಿತು.

ಮುಂದಿನ ಬೀದಿಯಲ್ಲಿ ಖುಷಿ ಉಳಿಯಲಿಲ್ಲ. ಪಕ್ಕದ ಜಪಾನಿ ಮನೆಗಳವರನ್ನು ಯುದ್ಧದ ಕಾಲದಲ್ಲಿ ಬಸ್ಸಿಗೆ ತುಂಬಿ ಬಂದಿ ಶಿಬಿರಗಳಿಗೆ ಕಳಿಸಿದ್ದು, ಆ ಖಾಲಿ ಮನೆಗಳಿಗೆ ಕಪ್ಪು ಜನ ಬಂದು ನೆಲೆಯಾದದ್ದು, ಯಹೂದಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದದ್ದು, ಆಮೇಲೆ ಸರ್ಕಾರದವರು ಬಡಾವಣೆ ಹಳೆಯದಾಯಿತೆಂದು ಬುಲ್ಡೋಜರ್ ತಂದು ಬೀದಿಬೀದಿಗಳನ್ನೇ ಕೆಡವಿದ್ದು, ಎಲ್ಲವನ್ನೂ ಆಕೆ ಹಲ್ಲು ಕಚ್ಚಿಕೊಂಡೇ ಹೇಳಿದರು. ಅರ್ಧ ಕೆಡವಿದ ಮನೆಯ ಫೋಟೋ ಒಂದಿತ್ತು. ಗೋಡೆ ಬಿದ್ದು ಯಾರದೋ ಅಡುಗೆಮನೆ ಬೀದಿಗೆ ಕಾಣುತ್ತಿತ್ತು, ಮೊಳೆಗೆ ಬಾಣಲೆ ಇನ್ನೂ ನೇತಾಡುತ್ತಿತ್ತು. ಆಕೆ ಆ ಫೋಟೋದ ಮೇಲೆ ಅಂಗೈಯಿಂದ ಫಟೀರನೆ ಬಡಿದು, "ನೋಡಿ, ಬಾಣಲೆ ತೆಗೆದುಕೊಳ್ಳಲೂ ಬಿಡಲಿಲ್ಲ," ಎಂದರು. ನನಗೆ ಆಕೆ ತುಂಬಾ ಹಿಡಿಸಿದರು. ಸಿಟ್ಟನ್ನು ಎಷ್ಟು ವರ್ಷವಾದರೂ ಕೆಡದಂತೆ ಇಟ್ಟುಕೊಂಡವರು ನನಗೆ ಬೇಗ ಹಿಡಿಸುತ್ತಾರೆ.

ಆಗಲೇ ಆ ಟ್ರಕ್ಕು ಬಂದದ್ದು. ಸಿಗ್ನಲ್ಲಿನಲ್ಲಿ ನಿಂತಿತು. ಓಡಿಸುತ್ತಿದ್ದವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಆಕೆಯ ಕೊರಳಿನ ಬೋರ್ಡು ನೋಡಿ ಒಂದೇ ಒಂದು ಪದ ಕೂಗಿದ. ನನಗೆ ಆ ಪದ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಈ ದೇಶದಲ್ಲಿದ್ದೂ ಕೇಳಿರಲಿಲ್ಲ.

ಅಪ್ಪನಿಗೆ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅವನಿಗೆ ಕೇಳಿಸಿದ್ದು 'ಕೈಕೆ' ಎಂದು. ಊರಿನ ಪೌರಾಣಿಕ ನಾಟಕದಲ್ಲಿ ದಶರಥನ ಪಾರ್ಟು ಯಾವಾಗಲೂ ಅಪ್ಪನದೇ. ಅವನು ಕೈಕೆಯ ಕಾಲಿಗೆ ಬಿದ್ದು ಅಳುವ ಸೀನಿಗೆ ಒನ್ಸ್‌ಮೋರ್ ಬೀಳುತ್ತಿತ್ತು. ಸಾವಿರಾರು ಮೈಲಿ ದೂರದ ಈ ಬೀದಿಯಲ್ಲಿ ಯಾರೋ ಕೈಕೆಯನ್ನು ಕರೆದರೆ ಅವನು ಸುಮ್ಮನಿರುತ್ತಾನೆಯೇ? ಮುಖ ಅರಳಿಸಿಕೊಂಡು, ಬಲಗೈ ಮೇಲೆತ್ತಿ, ಹಾರ್ಮೋನಿಯಂ ಇಲ್ಲದಿದ್ದರೂ ಶ್ರುತಿ ಹಿಡಿದು, "ಹಾ! ಕೈಕೇ! ಕೈಕೇ! ನನ್ನ ಪ್ರಾಣವನ್ನೇ ಬೇಡುವೆಯಾ!" ಎಂದು ತಿರುಗಿ ಕೂಗಿದ.

ಗೈಡಿನ ಮುಖ ಸುಣ್ಣದಂತಾಯಿತು. ಟ್ರಕ್ಕಿನವನು ಈ ಮುದುಕ ತನ್ನನ್ನು ಅಣಕಿಸುತ್ತಿದ್ದಾನೆ ಅಂದುಕೊಂಡ. ಹಸಿರು ದೀಪ ಬಂದರೂ ಗಾಡಿ ಬಿಡಲಿಲ್ಲ, ಬಾಗಿಲು ತೆರೆದು ಇಳಿದು ಬಂದ. ಐವತ್ತು ವಯಸ್ಸಿರಬಹುದು, ಎತ್ತರದ ಆಳು. ಮಗುವಿನ ಗಾಡಿಯವರು ಗಾಡಿ ತಿರುಗಿಸಿಕೊಂಡು ಓಡಿದರು. ಮೂಲೆ ದಾಟಿದ ಮೇಲೆ ಪೊಲೀಸಿಗೆ ಫೋನು ಮಾಡಿದವರು ಅವರೇ. ಅವನು ಅಪ್ಪನ ಅಂಗಿಗೆ ಕೈ ಹಾಕುವಷ್ಟರಲ್ಲಿ ಆ ಮುದುಕಿ ನಡುವೆ ಬಂದು ಫೋಟೋಗಳನ್ನು ಎದೆಗೆ ಅಡ್ಡ ಹಿಡಿದು ನಿಂತರು. ಅವನು ಆಕೆಯ ಮುಖಕ್ಕೆ ಮುಷ್ಟಿಯಿಂದ ಗುದ್ದಿದ. ಕನ್ನಡಕ ಒಡೆದ ಸದ್ದು ಕೇಳಿಸಿತು. ಆಕೆ ಕುಕ್ಕರಿಸಿದರು, ತುಟಿಯಿಂದ ರಕ್ತ ಇಳಿದು ಬಾಣಲೆಯ ಫೋಟೋದ ಮೇಲೆ ಬಿತ್ತು.

ನಾನು ಕೈಯಲ್ಲಿದ್ದ ಬಾಟಲಿಯ ಕತ್ತು ಹಿಡಿದು ಬೀಸಿದೆ. ಮೊದಲನೆಯದು ಅವನ ಮಣಿಕಟ್ಟಿಗೆ ಬಿತ್ತು, ಅವನು ಮತ್ತೆ ಗುದ್ದಲು ಎತ್ತಿದ ಕೈ ಅದು. ಏನೋ ಲಟಕ್ಕೆಂದಿತು. ಎರಡನೆಯದು ಭುಜಕ್ಕೆ, ಅವನು ನನ್ನ ಕಡೆ ತಿರುಗಿದ್ದ. ಅವನು ಮೊಣಕಾಲು ಮಡಿಸಿ ಬಿದ್ದ, ತಲೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. ಏನೋ ಬೇಡಿಕೊಂಡ. ಆಮೇಲೆ ಮೂರನೆಯದು, ಬೆನ್ನಿಗೆ. ಎರಡು ಏಟಿನವರೆಗೆ ನನಗೆ ಭಯವಿತ್ತು. ಮೂರನೆಯದಕ್ಕೆ ಭಯ ಇರಲಿಲ್ಲ, ಹಿತವಾಗಿತ್ತು. ಕೈಗೆ, ಹಲ್ಲಿಗೆ, ಹೊಟ್ಟೆಯ ತಳಕ್ಕೆಲ್ಲ ಹಿತವಾಗಿತ್ತು. ನಾಲ್ಕನೆಯದಕ್ಕೂ ಎತ್ತಿದ್ದೆ. ಅಪ್ಪ ಹಿಂದಿನಿಂದ ನನ್ನ ರಟ್ಟೆ ಹಿಡಿದುಕೊಂಡ.

ಪೊಲೀಸರು ಬರುವ ಮುಂಚೆ, ಪಕ್ಕದ ಕಟ್ಟಡದ ಮೆಟ್ಟಿಲ ಮೇಲೆ ನಾವು ಕೂರಿಸಿದ್ದ ಗೈಡು ನನ್ನನ್ನು ಕೇಳಿದರು, "ನಿಮ್ಮ ತಂದೆ ನನಗೆ ಆ ಮಾತು ಯಾಕೆ ಅಂದರು?" ಯಾವ ಮಾತು ಎಂದೆ. 'ಕೈಕ್' ಎಂದರೆ ಯಹೂದಿಗಳನ್ನು ಹೀನಾಯವಾಗಿ ಬೈಯುವ ಪದ, ಟ್ರಕ್ಕಿನವನು ಕೂಗಿದ್ದೂ ಅದನ್ನೇ ಎಂದರು. ರಾಜ, ರಾಣಿ, ನಾಟಕ, ಎಲ್ಲವನ್ನೂ ತೊದಲುತ್ತಾ ವಿವರಿಸಿದೆ. ಆಕೆ ಒಡೆದ ತುಟಿಯಲ್ಲೇ ನಗಲು ಹೋಗಿ ನೋವಾಗಿ ನಿಲ್ಲಿಸಿದರು. "ಗುದ್ದು ಬಿದ್ದ ಮೇಲೆ ನನಗೇನೂ ಕಾಣಲಿಲ್ಲ, ಕನ್ನಡಕವಿಲ್ಲದೆ ನಾನು ಕುರುಡಿ," ಎಂದರು. ಅಂದರೆ ಮೂರನೆಯ ಏಟನ್ನು ನೋಡಿದ್ದು ಅಪ್ಪ ಒಬ್ಬನೇ.

ಬಂದದ್ದು ಒಬ್ಬಳು ಪೊಲೀಸ್ ಆಫೀಸರು. ಎಷ್ಟು ಸಲ ಹೊಡೆದಿರಿ ಎಂದು ಕೇಳಿದಳು. "ಎರಡು," ಎಂದೆ. ಯೋಚನೆಯೇ ಮಾಡಲಿಲ್ಲ. ಗ್ರೀನ್ ಕಾರ್ಡಿಗೆ ಹತ್ತು ವರ್ಷದಿಂದ ಸಾಲಿನಲ್ಲಿ ನಿಂತವಳು ನಾನು. ಬಿದ್ದವನನ್ನು ಹೊಡೆದಳು ಎಂದು ಒಂದು ಕೇಸು ಬಿದ್ದರೆ ಕೆಲಸ, ಮನೆ, ಮಕ್ಕಳ ಸ್ಕೂಲು, ಎಲ್ಲವೂ ಅಲ್ಲಾಡುತ್ತದೆ. ಎರಡಾದರೆ ಕಾಪಾಡಲು ಹೊಡೆದದ್ದು, ಮೂರಾದರೆ ಬೇರೆ. ಆಂಬುಲೆನ್ಸಿಗೆ ಹತ್ತಿಸಿದ್ದ ಟ್ರಕ್ಕಿನವನು ಒಳಗಿನಿಂದ ಕಿರುಚುತ್ತಿದ್ದ, ಬಿದ್ದ ಮೇಲೂ ಹೊಡೆದಳು ಎಂದು.

ನಿಮ್ಮ ತಂದೆ ನೋಡಿದರಾ ಎಂದು ಕೇಳಿದಳು. ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ದುಭಾಷಿಗಳ ಕಚೇರಿಗೆ ಫೋನು ಮಾಡಿದಳು, ಕನ್ನಡ ಬಲ್ಲವರು ಸಿಗಲು ಹೊತ್ತಾಗುತ್ತದೆ ಎಂದು ಆ ಕಡೆಯವರು ಹೇಳಿದರು. ಕೊನೆಗೆ ಅವಳು, "ಸದ್ಯಕ್ಕೆ ನೀವೇ ಅವರ ಮಾತನ್ನು ನನಗೆ ಹೇಳಿ," ಎಂದಳು.

ಅಪ್ಪನಿಗೆ ಅರ್ಧ ಇಂಗ್ಲಿಷು ಅರ್ಥವಾಗುತ್ತದೆ. ನಾನು ಎರಡು ಅಂದದ್ದು ಅವನಿಗೆ ಗೊತ್ತಾಗಿತ್ತು. ಅವನು ಅಂಗಿ ಸರಿಮಾಡಿಕೊಂಡು ಅದೇ ಮೆಟ್ಟಿಲ ಮೇಲೆ ನೆಟ್ಟಗೆ ಕೂತ.

"ಬರ್ಕೊಳಕ್ಕೆ ಹೇಳವ್ವ. ಅವ್ನು ಆ ಯಮ್ಮುನ್ಗೆ ಹೊಡ್ದ. ನೀನು ಅವ್ನ ಕೈಗ್ ಹೊಡ್ದೆ, ಅದು ಸರಿ. ಭುಜಕ್ ಹೊಡ್ದೆ, ಅದೂ ಸರಿ, ಅವ್ನು ಇನ್ನೂ ನಿಂತಿದ್ದ. ಬಿದ್ಮೇಲೂ ಒಂದ್ ಹೊಡ್ದೆ. ಅದು ತಪ್ಪು."

"ಅಪ್ಪ, ಸುಮ್ನಿರು," ಅಂದೆ. ಸಿಟ್ಟಿನಿಂದ ಕಿವಿ ಉರಿಯುತ್ತಿತ್ತು. ಅವನನ್ನು ಅಲ್ಲೇ ಬಿಟ್ಟು ಹೋಗಿಬಿಡಬೇಕು ಅನ್ನಿಸಿತು.

"ಇನ್ನೂ ಅದೆ, ಕೇಳು. ಆ ಏಟು ನಿಂದಲ್ಲ ಅನ್ನು. ನಂದು. ನಿನ್ನ ನಾನು ಹಂಗೇ ಹೊಡೀತಿದ್ದೆ, ಕೆಳಕ್ ಬಿದ್ಮೇಲೂ ಬುಡ್ತಿರ್ನಿಲ್ಲ. ನನ್ನಿಂದ ಕಲ್ತಿರೋದು ನೀನು. ನನ್ ಹೆಸ್ರೂ ಬರ್ಕೊಳ್ಳಿ."

ಎಂಟನೇ ಕ್ಲಾಸಿನಲ್ಲಿ ಭೂಪಟದ ಮೇಲೆ ನದಿಯೊಂದನ್ನು ತಪ್ಪು ತೋರಿಸಿದ್ದೆ. ಮೇಷ್ಟ್ರ ಮಗಳೆಂದು ರಿಯಾಯಿತಿ ಇಲ್ಲ ಎಂದು ಊರಿಗೆ ತೋರಿಸಬೇಕಿತ್ತು ಅವನಿಗೆ. ಬೆತ್ತದ ಏಟಿಗೆ ಎರಡು ಬೆಂಚುಗಳ ನಡುವೆ ಬಿದ್ದೆ. ಬಿದ್ದ ಮೇಲೂ ಹೊಡೆದ, ಕೈ ಸೋಲುವವರೆಗೆ. ಅದು ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ. ರಾತ್ರಿ ಅಮ್ಮ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚುವಾಗ ಅವನು ಪಕ್ಕದ ಕೋಣೆಯಲ್ಲಿ ದಶರಥನ ಮಾತು ಬಾಯಿಪಾಠ ಮಾಡುತ್ತಿದ್ದ. ಅದರ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಎಂದೂ ತುಟಿ ಬಿಚ್ಚಲಿಲ್ಲ. ಅವನಿಗೆ ಅದು ನೆನಪಿಲ್ಲ ಎಂದೇ ನಾನು ತಿಳಿದಿದ್ದೆ.

"ಏನಂತೆ?" ಎಂದಳು ಆಫೀಸರು.

"ಮೂರು ಸಲ ಹೊಡೆದೆ," ಎಂದೆ. "ಎರಡು ಎಂದದ್ದು ಸುಳ್ಳು. ಮೂರನೆಯದು ಅವನು ಬಿದ್ದ ಮೇಲೆ."

ಅವಳು ಬರೆದುಕೊಂಡಳು. ಆ ಮಾತಿನ ಫಲವನ್ನು ಈಗಲೂ ಉಣ್ಣುತ್ತಿದ್ದೇನೆ. ಕೋರ್ಟಿನವರು ವಾರಕ್ಕೊಮ್ಮೆ ಸಿಟ್ಟು ಇಳಿಸುವ ಕ್ಲಾಸಿಗೆ ಹಾಕಿದ್ದಾರೆ, ಅಲ್ಲಿ ಕೂತರೆ ಸಿಟ್ಟು ಇನ್ನೂ ಏರುತ್ತದೆ. ಗ್ರೀನ್ ಕಾರ್ಡಿನ ಅರ್ಜಿ ನಿಂತಲ್ಲೇ ನಿಂತಿದೆ. ನಾನೇ ಒಪ್ಪಿಕೊಂಡ ಮೇಲೆ ಅಪ್ಪನನ್ನು ಯಾರೂ ಮತ್ತೆ ಏನೂ ಕೇಳಲಿಲ್ಲ.

"ಅವರು ಇನ್ನೂ ಬಹಳ ಮಾತಾಡಿದರಲ್ಲ?" ಎಂದು ಅವತ್ತು ಆಫೀಸರು ಪೆನ್ನು ಹಿಡಿದು ಕಾಯುತ್ತಿದ್ದಳು.

"ಅಷ್ಟೇ," ಎಂದೆ. ಅವನನ್ನು ಉಳಿಸಲು ಹಾಗೆ ಹೇಳಿದೆ ಎಂದುಕೊಳ್ಳಬೇಡಿ. ಆ ಮಾತು ನನ್ನದು. ಮೂವತ್ತು ವರ್ಷ ಹಲ್ಲು ಕಚ್ಚಿಕೊಂಡು ಅದಕ್ಕಾಗಿ ಕಾದವಳು ನಾನು, ಗುರುತು ಪರಿಚಯವಿಲ್ಲದ ಪೊಲೀಸಿನವಳ ಪುಸ್ತಕಕ್ಕೆ ಅದನ್ನು ಕೊಡಲು ನನಗೆ ಮನಸ್ಸು ಬರಲಿಲ್ಲ. ಅವನಿಗೂ ಅದನ್ನು ನನ್ನ ಮುಖ ನೋಡಿ ಹೇಳಲು ಆಗಿರಲಿಲ್ಲ. ಅವಳ ಪೆನ್ನನ್ನು ನೋಡಿಕೊಂಡು ಹೇಳಿದ್ದ.

"ನಂದೂ ಹೇಳ್ದಾ?" ಎಂದು ಕೇಳಿದ.

"ಹೇಳ್ದೆ."

"ಬರ್ಕಂಡ್ರಾ?"

"ಬರ್ಕೊಂಡ್ರು ಅಪ್ಪ."

ಅಪ್ಪ ಮೆಟ್ಟಿಲಿಗೆ ಕೈಯೂರಿ ಕಷ್ಟಪಟ್ಟು ಎದ್ದು ನಿಂತು, ಆ ಪೊಲೀಸಿನವಳಿಗೆ ಎರಡೂ ಕೈ ಜೋಡಿಸಿ ಮುಗಿದ.