ಹದಿನೇಳು ಪಾದ

ಮೊನ್ನೆ ಕೊಪ್ಪಳದಲ್ಲಿ ಮಗಳ ಶಾಲೆಗೆ ಹೋಗಿದ್ದೆ. ಮಣ್ಣಿನ ಬಾಸ್ಕೆಟ್‌ಬಾಲ್ ಅಂಗಳಕ್ಕೆ ನೀರು ಚಿಮುಕಿಸಿ ಗೆರೆ ಎಳೆಯುತ್ತಿದ್ದರು. ಹಸಿ ಮಣ್ಣಿನ ಮೇಲೆ ಸುಣ್ಣದ ಪುಡಿ ಬಿದ್ದ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ನಿಂತೆ... ಅದು ನಮ್ಮ ಮೇಡಂ ವಾಸನೆ.

ಗಂಗಾವತಿಯ ಕಾಲೇಜಿನಲ್ಲಿ ನಾನು ಹುಡುಗಿಯರ ತಂಡದ ಕ್ಯಾಪ್ಟನ್ ಆಗಿದ್ದ ವರ್ಷ ಅವರು ಹೊಸ ಕೋಚ್ ಆಗಿ ಬಂದರು. ಕುಷ್ಟಗಿ ಕಡೆಯವರು. ಒಂದು ವರ್ಷದ ತಾತ್ಕಾಲಿಕ ಕೆಲಸ. ಕಾಲೇಜುಗಳ ಪಂದ್ಯಾವಳಿಯಲ್ಲಿ ತಂಡ ಫೈನಲ್ ಮುಟ್ಟಿದರೆ ಮುಂದುವರಿಸೋಣ ಎಂದು ಪ್ರಿನ್ಸಿಪಾಲರು ನಮ್ಮೆದುರೇ ಹೇಳಿದ್ದರು. ಅಲ್ಲಿಯತನಕ ನಮ್ಮದು ಹೆಸರಿಗೊಂದು ತಂಡ. ಸಿದ್ದಾಪುರದ ಬಸ್ಸು ತಡವಾದರೆ ಐದು ಜನ ಕೂಡುವುದೇ ಕಷ್ಟ. ಮೇಡಂ ತಾವೇ ಬಸ್ ನಿಲ್ದಾಣಕ್ಕೆ ಹೋಗಿ ಹುಡುಗಿಯರನ್ನು ಕರೆತರುತ್ತಿದ್ದರು.

ನಮ್ಮದೂ ಮಣ್ಣಿನ ಅಂಗಳ, ಗೆರೆ ದಿನಾ ಅಳಿಸಿಹೋಗುತ್ತಿತ್ತು. ಮೊದಲ ದಿನ ಮೇಡಂ ಟೇಪು ಹಿಡಿದು ಅಳೆದರು. ಆಮೇಲೆ ನನ್ನನ್ನು ಬರಿಗಾಲಲ್ಲಿ ಪಾದಕ್ಕೆ ಪಾದ ಹಚ್ಚಿ ನಡೆಸಿದರು. ಬೋರ್ಡಿನ ಕೆಳಗಿನಿಂದ, ಫೌಲಾದಾಗ ನಿಂತು ಎಸೆಯುವ ಫ್ರೀ ಥ್ರೋ ಗೆರೆಗೆ ಹತ್ತೊಂಬತ್ತು ಪಾದ.

"ಇನ್ನ ಟೇಪ್ ಬ್ಯಾಡ ತಂಗಿ. ನಿನ್ನ ಪಾದಾನ ನಮ್ಮ ಟೇಪು," ಎಂದರು.

ಅಂದಿನಿಂದ ಸುಣ್ಣದ ಡಬ್ಬಿ ನನ್ನ ಕೈಗೆ ಬಂತು. ಆದರೆ ಆ ಗೆರೆಯಿಂದ ಹತ್ತು ಎಸೆದರೆ ನನ್ನವು ಮೂರೂ ಬೀಳುತ್ತಿರಲಿಲ್ಲ. ಕ್ಯಾಪ್ಟನ್ ಪಟ್ಟ ಹೋದೀತೆಂಬ ಅಂಜಿಕೆ. ಒಂದು ಬೆಳಿಗ್ಗೆ ಹದಿನೇಳಕ್ಕೇ ಗೆರೆ ಎಳೆದೆ. ಅವತ್ತು ನನ್ನವು ಏಳು ಬಿದ್ದವು, ಎಲ್ಲರವೂ ಬಿದ್ದವು. ಮೇಡಂ ಹಿಗ್ಗಿ ಎಲ್ಲರಿಗೂ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕೊಡಿಸಿದರು. "ಫ್ರೀ ಥ್ರೋ ನಮ್ಮ ಹುಡುಗ್ಯಾರು ತಪ್ಪೂದಿಲ್ರಿ ಸರ್," ಎಂದು ಪ್ರಿನ್ಸಿಪಾಲರಿಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು. ಆ ಮುಖ ನೋಡಿದ ಮೇಲೆ ಹತ್ತೊಂಬತ್ತಕ್ಕೆ ಮರಳುವ ಧೈರ್ಯ ನನಗೆ ಬರಲಿಲ್ಲ. ನಾಳೆ ಸರಿಮಾಡಿದರಾಯಿತು ಎನ್ನುತ್ತಲೇ ಎರಡು ತಿಂಗಳು ಕಳೆದೆ.

ಪಂದ್ಯಾವಳಿ ಇದ್ದದ್ದು ಕೊಪ್ಪಳದ ಸಿಮೆಂಟು ಅಂಗಳದಲ್ಲಿ. ಮೊದಲ ಪಂದ್ಯ ಓಟದ ಬಲದಿಂದಲೇ ಗೆದ್ದೆವು. ಸೆಮಿಫೈನಲ್ಲಿನ ಕೊನೆಗೆ ಒಂದೇ ಪಾಯಿಂಟು ಹಿಂದಿದ್ದೆವು, ನನಗೆ ಎರಡು ಫ್ರೀ ಥ್ರೋ ಸಿಕ್ಕವು. ಎರಡೂ ರಿಂಗಿನ ಮುಂದಂಚಿಗೆ ಬಡಿದು ಕೆಳಗೆ ಬಿದ್ದವು. ಅಷ್ಟೇ... ಗೆಳತಿಯರು ತಬ್ಬಿಕೊಂಡು ಸಮಾಧಾನ ಮಾಡಿದರು. ನನಗೆ ನನ್ನ ಮೇಲೇ ಹೇಸಿಕೆಯಾಯಿತು.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೋದರೆ ಮೇಡಂ ಅಂಗಳದಲ್ಲಿ ಟೇಪು ಬಿಚ್ಚಿಕೊಂಡು ಕೂತಿದ್ದರು. ಪಂದ್ಯಾವಳಿಗೆ ಹೊರಟ ದಿನ ನಾನು ಎಳೆದಿದ್ದ ಗೆರೆ ಹಾಗೇ ಇತ್ತು. ಆಮೇಲೆ ಅಲ್ಲಿ ಯಾರೂ ಆಡಿರಲಿಲ್ಲ. ಅವತ್ತು ಹಸಿ ಮಣ್ಣಿನಲ್ಲಿ ಮೂಡಿದ್ದ ನನ್ನ ಪಾದಗಳನ್ನು ಅವರು ಬೆರಳು ಮಾಡಿ ಒಂದೊಂದೇ ಎಣಿಸಿದರು. ನಾನು ಬೇವಿನ ಗಿಡದ ಮರೆಗೆ ಸರಿದೆ. ಹದಿನೇಳಕ್ಕೆ ಬೆರಳು ನಿಂತಿತು. ನಂತರ ಎದ್ದು, ಗೆರೆಯನ್ನೂ ಪಾದಗಳನ್ನೂ ಕಾಲಿನಿಂದ ಒರೆಸಿಬಿಟ್ಟರು.

ಪ್ರಿನ್ಸಿಪಾಲರು ಇಬ್ಬರನ್ನೂ ಕರೆಸಿ, ಹೀಗೇಕಾಯಿತು ಎಂದು ಕೇಳಿದರು.

"ಅಳತ್ಯಾಗ ನಂದ ತಪ್ಪಾಗೇತ್ರಿ ಸರ್. ಹುಡುಗ್ಯಾರದು ಏನೂ ಇಲ್ರಿ," ಎಂದರು ಮೇಡಂ.

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಮರುವರ್ಷ ಅವರನ್ನು ತೆಗೆದುಕೊಳ್ಳಲಿಲ್ಲ. ಕುಷ್ಟಗಿ ಬಸ್ಸು ಹತ್ತುವಾಗ ನನ್ನ ತಲೆ ಸವರಿ, "ಛಲೋ ಆಡಿದಿ ತಂಗಿ," ಎಂದರು. ಬೈದಿದ್ದರೆ ಇಷ್ಟು ವರ್ಷ ಸುಡುತ್ತಿರಲಿಲ್ಲ.

ಒಮ್ಮೆ ಹೋಗಿ ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ಇದ್ದೆ. ಕುಷ್ಟಗಿ ಏನು ದೂರವೇ? ಹೋದ ತಿಂಗಳು ಹಳೆಯ ಗೆಳತಿ ಫೋನು ಮಾಡಿ, "ಮೇಡಂ ತೀರ್ಕೊಂಡಾರ," ಎಂದಳು.

ಮೊನ್ನೆ ಆ ಅಂಗಳದಲ್ಲಿ, ಗೆರೆ ಎಳೆದವರು ಹೋದ ಮೇಲೆ, ಚಪ್ಪಲಿ ಬಿಟ್ಟು ಬೋರ್ಡಿನ ಕೆಳಗಿನಿಂದ ಪಾದಕ್ಕೆ ಪಾದ ಹಚ್ಚುತ್ತಾ ನಡೆದೆ. ಹದಿನೇಳಕ್ಕೆ ನಿಂತೆ. ಬಿಳಿ ಗೆರೆ ಇನ್ನೂ ಎರಡು ಪಾದ ಮುಂದಿತ್ತು. ಆ ಎರಡನ್ನೂ ನಡೆದು, "ತಪ್ಪು ನಂದ್ರಿ ಮೇಡಂ," ಎಂದೆ.

"ಯಾರ ಜೋಡಿ ಮಾತಾಡಾಕತ್ತಿ, ಅವ್ವಾ?" ಎಂದು ಹಿಂದೆ ಬಂದು ನಿಂತ ಮಗಳು ಕೇಳಿದಳು.

ಅಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ.