ಬಿಟ್ಟು ಹೋದವರಿಗೆ ನಾಯಿ ಕೊಡುವುದಿಲ್ಲ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಹೊಸನಗರದಲ್ಲಿ ಶಾಲಾ ಶಿಕ್ಷಕಿಯಾಗಿದ್ದೆ. ಇಪ್ಪತ್ತಾರರ ವಯಸ್ಸು, ಮೂಗಿನ ತುದಿಯಲ್ಲೇ ಕೋಪ. ಮಾಸ್ತಿಕಟ್ಟೆಯ ಕಡೆ ಅಣೆಕಟ್ಟಿನ ನೀರು ಏರುತ್ತಿದ್ದ ಕಾಲ ಅದು. ಜನ ಪಾತ್ರೆಪಡಗ, ಬಾಗಿಲು, ಹೆಂಚುಗಳನ್ನೆಲ್ಲ ಲಾರಿಗೆ ಹೇರಿಕೊಂಡು ಊರು ಬಿಟ್ಟರು. ನಾಯಿಗಳು ಉಳಿದವು. ಬರಿಗೋಡೆಗಳ ಮುಂದೆ ಅವು ಕಾಯುತ್ತ ಕೂತಿರುವುದನ್ನು ದನದ ಆಸ್ಪತ್ರೆಯ ಕಾಂಪೌಂಡರು ನೋಡಿ ಬಂದು ಹೇಳಿದರು. ಅವರು, ನಾನು, ಪೇಟೆಯ ಒಬ್ಬ ದರ್ಜಿ ಸೇರಿ ಸಿಕ್ಕಷ್ಟನ್ನು ಹಿಡಿದು ತಂದೆವು. ತಿಂಗಳಿಗೊಂದು ಭಾನುವಾರ ಶಾಲೆಯ ಜಗಲಿಯಲ್ಲಿ ಕಟ್ಟಿ, ಸಾಕುತ್ತೇವೆಂದು ಬಂದವರಿಗೆ ಕೊಡುತ್ತಿದ್ದೆವು. ನಮ್ಮದೊಂದು ಸಂಘ ಎಂದು ಹೇಳಿಕೊಳ್ಳಲು ನನಗೆ ಬಹಳ ಹೆಮ್ಮೆ.

ಕರೆದೊಯ್ಯುವವರು ಅನ್ನ ಕಲಸಿ ತಮ್ಮ ಕೈಯಿಂದಲೇ ತಿನ್ನಿಸಬೇಕು. ತಿಂದರೆ ನಾಯಿ ಅವರದು, ಇಲ್ಲದಿದ್ದರೆ ಇಲ್ಲ. ಇದು ಹಳ್ಳಿಯವರು ಮೊದಲಿಂದ ಮಾಡಿಕೊಂಡು ಬಂದದ್ದು. ಇನ್ನೊಂದು ನಿಯಮ ನಾನೇ ಸೇರಿಸಿದ್ದು. ಒಮ್ಮೆ ಬಿಟ್ಟು ಹೋದವರಿಗೆ ಮತ್ತೆ ನಾಯಿ ಕೊಡುವುದಿಲ್ಲ. ಅದನ್ನು ಕಪ್ಪುಹಲಗೆಯ ಮೇಲೆ ದುಂಡಗೆ ಬರೆದು ಜಗಲಿಯ ಕಂಬಕ್ಕೆ ಒರಗಿಸಿ ಇಡುತ್ತಿದ್ದೆ.

ಕಿವಿ ಹರಿದ ಒಂದು ಕಂದು ಹೆಣ್ಣುನಾಯಿ ಮಾತ್ರ ಯಾರಿಗೂ ಬೇಡವಾಗಿತ್ತು. ಹೆಣ್ಣು ಎಂದರೆ ವರ್ಷಕ್ಕೆರಡು ಸಲ ಮರಿಗಳ ಕಾಟ ಎಂದು ಬಂದವರೆಲ್ಲ ಮುಖ ತಿರುಗಿಸುತ್ತಿದ್ದರು. ಹಾಗೆ ಕಟ್ಟಿದ ಮೂರನೆಯ ತಿಂಗಳ ಭಾನುವಾರ ಅದು ಇದ್ದಕ್ಕಿದ್ದಂತೆ ಹಗ್ಗ ಹರಿಯುವಂತೆ ಎಳೆದು ಕೂಗತೊಡಗಿತು. ಗೇಟಿನ ಹತ್ತಿರ ಅರವತ್ತು ದಾಟಿದ ಒಬ್ಬ ರೈತರು ನಿಂತಿದ್ದರು. ಸಾಗರದ ಕಡೆಯ ಬೆಳಗಿನ ಬಸ್ಸಿಗೆ ಬಂದವರು.

"ಇದು ನಿಮ್ಮದಾ?" ಎಂದೆ.

"ಹೌದು ಅಕ್ಕೋರೇ. ಬಿಟ್ಟು ಹೋದವ ನಾನೇ. ಲಾರಿಗೆ ಹತ್ಸಿದ್ವಿ, ಹಾರ್ತು. ಇನ್ನೊಂದ್ಸಲ ಹತ್ಸಿದ್ವಿ, ಮತ್ತೂ ಹಾರ್ತು. ಆಮೇಲೆ ಲಾರಿಯವ್ರು ನಿಲ್ಸಲೇ ಇಲ್ಲ."

"ನೀವು ಇಳೀಬಹುದಿತ್ತಲ್ಲ?"

"ಇಳೀಬೌದಿತ್ತು" ಎಂದರು.

ಸುಳ್ಳು ಹೇಳಿದ್ದರೆ ಕೊಟ್ಟುಬಿಡುತ್ತಿದ್ದೆನೇನೋ. ಅವರು ಹೇಳಲಿಲ್ಲ. ಕಾಂಪೌಂಡರು ನನ್ನ ಪಕ್ಕಕ್ಕೆ ಬಂದು, "ಕೊಟ್ಬಿಡಣ ಅಕ್ಕೋರೇ, ಪಾಪ, ಅದ್ರ ಅವಸ್ಥೆ ನೋಡಿ" ಎಂದು ಪಿಸುಗುಟ್ಟಿದರು. ನಾನು ಬೆರಳು ತೋರಿಸಿದ್ದು ಹಲಗೆಯ ಕಡೆಗೆ. ಒಬ್ಬರಿಗೆ ಸಡಿಲ ಬಿಟ್ಟರೆ ನಾಳೆ ಎಲ್ಲರೂ ಬರುತ್ತಾರೆ ಎಂದು ಭಾಷಣವನ್ನೂ ಬಿಗಿದೆ. ಎಲ್ಲರೂ ಬಂದಿದ್ದರೆ ಏನು ಮುಳುಗಿ ಹೋಗುತ್ತಿತ್ತು ಎಂದು ಆಗ ನನಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ತೀರ್ಥಹಳ್ಳಿಯ ಅಕ್ಕಿ ಗಿರಣಿಯ ಯಜಮಾನರು ಜೀಪಿನಲ್ಲಿ ಬಂದರು. ಕಾವಲಿಗೆ ಹೆಣ್ಣಾದರೂ ಸರಿ ಎಂದರು. ಒಳ್ಳೆಯ ಮನುಷ್ಯ, ಅನ್ನಕ್ಕೆ ಹಾಲು ಬೆರೆಸಿ ಕಲಸಿ ಕೈಯೊಡ್ಡಿದರು. ನಾಯಿ ಮೂಸಿಯೂ ನೋಡಲಿಲ್ಲ. ಅದರ ಕಣ್ಣೆಲ್ಲ ಗೇಟಿನ ಕಡೆಗೇ. ಯಜಮಾನರು ಬೇಸರದಿಂದ ಕೈ ಕೊಡವಲು ಹೊರಟಾಗ ಆ ಮುದುಕರು ನಿಂತಲ್ಲಿಂದಲೇ, "ತಿನ್ನೇ ಮಾರಾಯ್ತಿ, ತಿನ್ನು" ಎಂದರು.

ನಾಯಿ ಒಂದೇ ಉಸಿರಿಗೆ ಅಷ್ಟನ್ನೂ ತಿಂದಿತು.

ಯಾರ ಮಾತಿಗೆ ತಿಂದಿತೆಂದು ಜಗಲಿಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ನನಗೂ ಗೊತ್ತಾಯಿತು. ಆದರೂ "ತಿಂದಾಯ್ತಲ್ಲ, ಕರಕೊಂಡು ಹೋಗಿ" ಎಂದೆ. ದಾರಿ ಗುರುತಾಗಬಾರದೆಂದು ಅದರ ಮುಖಕ್ಕೆ ಗೋಣಿಚೀಲ ಮುಚ್ಚಿ ಜೀಪಿಗೆ ಹತ್ತಿಸಿದರು. ಅದು ಕೂಗುತ್ತಲೇ ಇತ್ತು. ಮುದುಕರು ನನಗೆ ಕೈಮುಗಿದು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಹತ್ತು ದಿನ ಕಳೆದಿರಬಹುದು. ನಾಯಿ ತಪ್ಪಿಸಿಕೊಂಡಿದೆ ಎಂದು ತೀರ್ಥಹಳ್ಳಿಯಿಂದ ಸುದ್ದಿ ಬಂತು. ದನಗಳಿಗೆ ಚುಚ್ಚುಮದ್ದು ಹಾಕಲು ಮಾಸ್ತಿಕಟ್ಟೆಗೆ ಹೋಗಿದ್ದ ಕಾಂಪೌಂಡರಿಗೆ ಅದು ಕಾಣಿಸಿತು. ಹಳೆಯ ಊರಿನ ರಸ್ತೆ ನೀರಿಗಿಳಿಯುವ ಜಾಗದಲ್ಲಿ, ಪಕ್ಕೆಲುಬು ಎಣಿಸುವಂತಾಗಿ, ನೀರು ನೋಡುತ್ತ ಕೂತಿತ್ತಂತೆ. ಕರೆದರೆ ಬರಲಿಲ್ಲ. ರೊಟ್ಟಿ ಎಸೆದರೆ ಮುಟ್ಟಲಿಲ್ಲ. ಮಾರನೆಯ ದಿನ ನಾನೂ ಅವರ ಜೊತೆ ಹೋದೆ. ಅದು ಅಲ್ಲೇ ಇತ್ತು, ಸತ್ತು. ನಾನು ರಸ್ತೆಯಲ್ಲೇ ಕುಳಿತು ಅತ್ತೆ.

ಮುಂದಿನ ಭಾನುವಾರ ಸಾಗರದ ಬಸ್ಸು ಹತ್ತಿ ಮುದುಕರ ಹೊಸ ಮನೆ ಹುಡುಕಿಕೊಂಡು ಹೋದೆ. ಇನ್ನೂ ಗಾರೆ ಕಾಣದ ಮನೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಬಯ್ಯುತ್ತಾರೆಂದು ಕಾದೆ. ಬೈಸಿಕೊಳ್ಳಲೆಂದೇ ಹೋಗಿದ್ದೆ ಎಂದರೂ ಸರಿ. ಅವರು ಹೆಂಡತಿಯನ್ನು ಕರೆದು ಕಾಫಿ ಮಾಡಲು ಹೇಳಿದರು. ಆಮೇಲೆ ನಿಧಾನವಾಗಿ ಅಂದರು: "ಒಂದ್ಸಲ ಲಾರಿಯಿಂದ ಬಿಟ್ಟು ಹೋದೆ, ಅಕ್ಕೋರೇ. ಅದು ನನ್ನ ತಪ್ಪೇ. ಇನ್ನೊಂದ್ಸಲ ನಿಮ್ಮ ಇಸ್ಕೂಲ್ ಗೇಟಿಂದ ಬಿಟ್ಟು ಹೋದೆ."

ಎರಡನೆಯದು ಯಾರ ತಪ್ಪೆಂದು ಅವರು ಹೇಳಲಿಲ್ಲ. ಕಾಫಿ ಬಂತು. ಲೋಟ ನನ್ನ ಕೈಗಿಟ್ಟು, ಸಕ್ಕರೆ ಸಾಕಾ ಎಂದು ಕೇಳಿದರು.